ಗಾಜಿನ ತೊಟ್ಟಿಯಲ್ಲಿ ಕಡಲಿನ ಮೀನು

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮೀನು ಎಂದೊಡನೆ ನೆನಪಾಗುವುದು ಕೆರೆ ಮತ್ತು ನದಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಉಳಿದೆಡೆಗಳಲ್ಲಿ ಮಳೆಯನ್ನು ನಂಬಿದ ಕೆರೆಗಳುಂಟು. ಈ ಕೆರೆಗಳಲ್ಲಿ ಕಾಟ್ಲಾ, ರೋಹು ಮೊದಲಾದ ಸಿಹಿನೀರಿನ ಮೀನುಗಳು ಬೆಳೆಯುತ್ತವೆ. ಆದರೆ ಅರಬ್ಬೀ ಸಮುದ್ರವು ಇಲ್ಲಿಂದ ನೇರವಾಗಿ ಅಳೆದರೂ ನೂರೈವತ್ತು ಕಿಲೋಮೀಟರಿಗಿಂತ ದೂರದಲ್ಲಿದೆ. ನಡುವೆ ಸಹ್ಯಾದ್ರಿಯ ಗೋಡೆಯೂ ನಿಂತಿದೆ. ಹೀಗಿರುವಾಗ ಕಡಲಿನ ಮೀನೊಂದನ್ನು ಈ ಊರುಗಳ ಮನೆಯೊಂದರಲ್ಲಿ ಜೀವಂತವಾಗಿ ಸಾಕಲು ಸಾಧ್ಯವೇ? ಸಾಧ್ಯವಾದರೆ ಅದಕ್ಕೆ ಏನೇನು ಬೇಕು? ಅದನ್ನು ಸಾಕುವುದು ಉಚಿತವೇ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ ಸಮುದ್ರದ ಅನೇಕ ರಹಸ್ಯಗಳು ನಮಗೆ ತಿಳಿದುಬರುತ್ತವೆ.

ಉದಾಹರಣೆಗಾಗಿ ‘ರಾಸ್’ ಎಂಬ ಮೀನುಗಳ ಗುಂಪನ್ನು ತೆಗೆದುಕೊಳ್ಳೋಣ. ಪ್ರಾಣಿಶಾಸ್ತ್ರಜ್ಞರು ಇವನ್ನು ‘ಲೇಬ್ರಿಡೇ’ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ‘ಲೇಬ್ರಮ್’ ಎಂದರೆ ತುಟಿ. ದಪ್ಪನೆಯ ತುಟಿಗಳು ಈ ಮೀನುಗಳ ಮುಖ್ಯ ಗುರುತು. ಈ ಕುಟುಂಬದಲ್ಲಿ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬೆರಳಿನಷ್ಟೇ ಉದ್ದವಿರುವ ಪುಟ್ಟ ಮೀನುಗಳೂ, ಎರಡು ಮೀಟರಿನಷ್ಟು ಬೆಳೆಯುವ ‘ನೆಪೋಲಿಯನ್ ರಾಸ್’ ಎಂಬ ದೈತ್ಯನೂ ಇದೇ ಮನೆತನದವರು. ಉಷ್ಣವಲಯದ ಕಡಲುಗಳಲ್ಲಿ, ಹವಳದ ದಿಬ್ಬಗಳ ಸುತ್ತಮುತ್ತ ಇವು ಹೆಚ್ಚಾಗಿ ವಾಸಿಸುತ್ತವೆ. ನಮ್ಮ ನಾಡಿನಲ್ಲಿಯೂ ಇವುಗಳಿಗೆ ನೆಲೆಯುಂಟು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಎದುರಿಗೆ, ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಅದರ ಬುಡದ ಬಂಡೆಗಳಿಗೆ ಹವಳಗಳು ಅಂಟಿಕೊಂಡು ಬೆಳೆದಿವೆ. ಆ ಹವಳಗಳ ಸಂದುಗೊಂದುಗಳಲ್ಲಿ ರಾಸ್ ಮೀನುಗಳು ಬಣ್ಣದ ಬಾಣಗಳಂತೆ ಸುಳಿದಾಡುತ್ತವೆ.

ಇವುಗಳ ನಡೆನುಡಿ ವಿಚಿತ್ರವಾದುದು. ಸಾಮಾನ್ಯವಾಗಿ ಮೀನು ಬಾಲವನ್ನು ಬೀಸಿ ಮುಂದೆ ಸಾಗುತ್ತದೆ. ರಾಸ್ ಮೀನಾದರೋ ಎದೆಯ ಬಳಿಯ ಎರಡು ಈಜುರೆಕ್ಕೆಗಳನ್ನು ದೋಣಿಯ ಹುಟ್ಟುಗಳಂತೆ ಆಡಿಸುತ್ತ ಚಲಿಸುತ್ತದೆ. ಅವಸರ ಬಂದಾಗ ಮಾತ್ರ ಬಾಲವನ್ನು ಬಳಸುತ್ತದೆ. ಹಗಲೆಲ್ಲ ಚಟುವಟಿಕೆಯಿಂದಿದ್ದು, ಕತ್ತಲಾಗುತ್ತಲೇ ಮಲಗುವುದು ಇದರ ಕ್ರಮ. ಕೆಲವು ಜಾತಿಯ ರಾಸ್‌ಗಳು ಮರಳಿನೊಳಗೆ ತಲೆಮರೆಸಿಕೊಂಡು ಹುದುಗಿ ನಿದ್ರಿಸುತ್ತವೆ. ಮತ್ತೆ ಕೆಲವು ಬಂಡೆಯ ಸಂದಿನಲ್ಲಿ ಸೇರಿ, ತಮ್ಮ ಮೈಯಿಂದ ಒಸರುವ ಲೋಳೆಯಿಂದಲೇ ತೆಳ್ಳನೆಯ ಪರದೆಯೊಂದನ್ನು ಹೆಣೆದುಕೊಂಡು ಅದರೊಳಗೆ ಮಲಗುತ್ತವೆ.

ಇದಕ್ಕಿಂತಲೂ ಆಶ್ಚರ್ಯಕರವಾದುದು ಇವುಗಳ ಲಿಂಗಪರಿವರ್ತನೆ. ‘ಶುಚಿಗಾರ ರಾಸ್’ ಎಂದು ಕರೆಯಬಹುದಾದ ನೀಲಿ ಪಟ್ಟೆಯ ಪುಟ್ಟ ಮೀನೊಂದಿದೆ. ಇದರ ಗುಂಪಿನಲ್ಲಿ ಒಂದು ಗಂಡು, ಹಲವು ಹೆಣ್ಣುಗಳು ಇರುತ್ತವೆ. ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ ಈ ಮೀನನ್ನು ಅಭ್ಯಾಸ ಮಾಡಿದ ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಗಂಡು ಮೀನು ಸತ್ತರೆ, ಗುಂಪಿನಲ್ಲಿ ಬಲಿಷ್ಠವಾದ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ವರ್ತಿಸತೊಡಗುತ್ತದೆ. ಎರಡು ಮೂರು ವಾರಗಳೊಳಗೆ ಅದು ನಿಜವಾಗಿಯೂ ಗಂಡಾಗಿ ಮಾರ್ಪಡುತ್ತದೆ. ಹೀಗೆ ಯಜಮಾನನಿಲ್ಲದೆ ಗುಂಪು ಒಡೆದುಹೋಗದಂತೆ ಪ್ರಕೃತಿಯೇ ಏರ್ಪಾಡು ಮಾಡಿದೆ.

ಶುಚಿಗಾರ ರಾಸ್‌ಗೆ ಆ ಹೆಸರು ಬರಲು ಕಾರಣವಿದೆ. ಹವಳದ ದಿಬ್ಬದಲ್ಲಿ ಇದು ಒಂದು ನಿಶ್ಚಿತ ಸ್ಥಳದಲ್ಲಿ ನೆಲೆಸುತ್ತದೆ. ಇತರ ಮೀನುಗಳು ಅಲ್ಲಿಗೆ ಬಂದು, ನಮ್ಮೂರಿನ ಕ್ಷೌರದ ಅಂಗಡಿಯ ಮುಂದೆ ಕಾಯುವವರಂತೆ ತಮ್ಮ ಸರದಿಗಾಗಿ ಕಾದು ನಿಲ್ಲುತ್ತವೆ. ಶುಚಿಗಾರನು ಅವುಗಳ ಮೈ, ಕಿವಿರು, ಕೊನೆಗೆ ಬಾಯೊಳಗೂ ಹೊಕ್ಕು ಅಲ್ಲಿರುವ ಪರೋಪಜೀವಿ ಹುಳುಗಳನ್ನು ಆರಿಸಿ ತಿನ್ನುತ್ತಾನೆ. ಒಂದೇ ತುತ್ತಿಗೆ ಅವನನ್ನು ನುಂಗಬಲ್ಲ ದೊಡ್ಡ ಮೀನು ಕೂಡ ಬಾಯಿ ತೆರೆದು ಸುಮ್ಮನೆ ನಿಲ್ಲುತ್ತದೆ. ಒಬ್ಬನಿಗೆ ಆಹಾರ, ಇನ್ನೊಬ್ಬನಿಗೆ ಆರೋಗ್ಯ. ಪರಸ್ಪರ ಉಪಕಾರದ ಇಂತಹ ಬಾಳನ್ನು ವಿಜ್ಞಾನಿಗಳು ಸಹಜೀವನವೆನ್ನುತ್ತಾರೆ. ಶುಚಿಗಾರನು ಆಗಾಗ ಆಸೆಗೆ ಬಿದ್ದು ಹುಳುವಿಗೆ ಬದಲಾಗಿ ಗಿರಾಕಿಯ ಮೈಮೇಲಿನ ಲೋಳೆಯನ್ನೇ ಕಚ್ಚುವುದುಂಟು. ಆಗ ಗಿರಾಕಿ ಮೈ ಕೊಡವಿ ಹೊರಟುಹೋಗುತ್ತದೆ. ಆದುದರಿಂದ ಗಿರಾಕಿಯನ್ನು ಉಳಿಸಿಕೊಳ್ಳಲು ಶುಚಿಗಾರನು ನ್ಯಾಯವಾಗಿ ನಡೆದುಕೊಳ್ಳಲೇಬೇಕಾಗುತ್ತದೆ. ಈ ಪುಟ್ಟ ಮೀನಿನ ಬುದ್ಧಿಯೂ ಸಾಮಾನ್ಯವಾದುದಲ್ಲ. ತನ್ನ ಕತ್ತಿನ ಕೆಳಗೆ ಹಚ್ಚಿದ ಗುರುತನ್ನು ಕನ್ನಡಿಯಲ್ಲಿ ಕಂಡು, ಅದನ್ನು ನೆಲಕ್ಕೆ ಉಜ್ಜಿ ತೆಗೆಯಲು ಅದು ಯತ್ನಿಸಿತೆಂದು ಜಪಾನಿನ ಒಸಾಕಾ ನಗರದ ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು.

ಇಂತಹ ಮೀನನ್ನು ಮನೆಯಲ್ಲಿಟ್ಟು ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಸಾಕುವ ಹವ್ಯಾಸ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾಯಿತು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವೊಂದು ತೆರೆಯಿತು. ಅಲ್ಲಿಗೆ ಕಡಲಿನಿಂದ ನೀರನ್ನು ತರಿಸುವುದು ಕಷ್ಟದ ಕೆಲಸವಾಗಿತ್ತು. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ 1854ರಲ್ಲಿ ಸಿಹಿನೀರಿಗೆ ಬೇರೆ ಬೇರೆ ಲವಣಗಳನ್ನು ಬೆರೆಸಿ ಕೃತಕ ಕಡಲನೀರನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಕಡಲು ಇಲ್ಲದ ಊರಿನಲ್ಲಿಯೂ ಕಡಲಿನ ಮೀನು ಬದುಕುವ ದಾರಿ ತೆರೆಯಿತು. ಭಾರತದಲ್ಲಿ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಗಾರವು 1951ರಲ್ಲಿ ಪ್ರಾರಂಭವಾಯಿತು.

ಕಡಲನೀರು ಎಂದರೆ ಉಪ್ಪುನೀರು ಎಂದು ನಾವು ತಿಳಿಯುತ್ತೇವೆ. ಹಾಗಾದರೆ ಅಡುಗೆಯ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಸಾಲದೆ? ಸಾಲದು. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಇವುಗಳಲ್ಲಿ ಅಡುಗೆ ಉಪ್ಪಿನ ಘಟಕಗಳಾದ ಸೋಡಿಯಂ ಮತ್ತು ಕ್ಲೋರೈಡ್‌ಗಳ ಪಾಲು ನೂರಕ್ಕೆ ಸುಮಾರು 85. ಉಳಿದ ಪಾಲಿನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಸೇರಿವೆ. ಇವೆಲ್ಲವೂ ತಕ್ಕ ಪ್ರಮಾಣದಲ್ಲಿದ್ದರೆ ಮಾತ್ರ ಅದು ಕಡಲಿನ ಜೀವಿಗಳಿಗೆ ಒಗ್ಗುವ ನೀರಾಗುತ್ತದೆ. ಆದ್ದರಿಂದ ಮತ್ಸ್ಯಾಗಾರಕ್ಕೆಂದೇ ತಯಾರಿಸಿದ ಲವಣಮಿಶ್ರಣವನ್ನು ಕೊಳ್ಳಬೇಕು. 200 ಲೀಟರ್ ಹಿಡಿಯುವ ತೊಟ್ಟಿಗೆ ಸುಮಾರು 7 ಕಿಲೋಗ್ರಾಂ ಮಿಶ್ರಣ ಬೇಕಾಗುತ್ತದೆ. ನೀರಿನ ಸಾಂದ್ರತೆಯನ್ನು ಅಳೆಯುವ ಮಾಪಕದಲ್ಲಿ 1.025ರ ಆಸುಪಾಸಿನ ಅಂಕ ಕಾಣಬೇಕು. ಇಂತಹ ತೊಟ್ಟಿಯ ನೀರಿನ ತೂಕವೇ ಇನ್ನೂರು ಕಿಲೋಗ್ರಾಂ ಮೀರುವುದರಿಂದ ಅದನ್ನು ಹೊರುವ ಪೀಠವೂ ಭದ್ರವಾಗಿರತಕ್ಕದ್ದು.

ಸಿಹಿನೀರಿನ ಮೀನು ಕಡಲಿನಲ್ಲಿಯೂ, ಕಡಲಿನ ಮೀನು ಕೆರೆಯಲ್ಲಿಯೂ ಏಕೆ ಬದುಕಲಾರದು? ಸೌತೆಕಾಯಿಯ ಹೋಳಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ನೀರು ಬಿಡುವುದನ್ನು ನೀವು ನೋಡಿದ್ದೀರಿ. ಲವಣ ಕಡಿಮೆಯಿರುವ ಕಡೆಯಿಂದ ಲವಣ ಹೆಚ್ಚಿರುವ ಕಡೆಗೆ ತೆಳುವಾದ ಪೊರೆಯ ಮೂಲಕ ನೀರು ಸರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಸಾಮಾನ್ಯವಾಗಿ ಕಡಲಿನ ಮೀನಿನ ರಕ್ತದಲ್ಲಿರುವ ಲವಣ ಸುತ್ತಲಿನ ನೀರಿನಲ್ಲಿರುವುದರ ಮೂರನೆಯ ಒಂದು ಪಾಲು ಮಾತ್ರ. ಹೀಗಾಗಿ ನೀರಿನ ನಡುವೆ ಇದ್ದರೂ ಅದರ ಮೈಯಿಂದ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಮೀನು ಕಡಲನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಕೆರೆಯ ಮೀನಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದರ ಮೈಯೊಳಕ್ಕೆ ನೀರು ನುಗ್ಗುತ್ತಿರುತ್ತದೆ. ಅದು ನೀರು ಕುಡಿಯುವುದೇ ಅಪೂರ್ವ. ಒಳಬಂದ ನೀರನ್ನು ತೆಳುವಾದ ಮೂತ್ರದ ರೂಪದಲ್ಲಿ ವಿಸರ್ಜಿಸುತ್ತದೆ. ಒಂದರ ದೇಹದ ಏರ್ಪಾಡು ಇನ್ನೊಂದರ ನೀರಿಗೆ ಹೊಂದಲಾರದು.

ಲವಣವನ್ನು ಬೆರೆಸುವ ನೀರೂ ಶುದ್ಧವಾಗಿರಬೇಕು. ಈ ಭಾಗದ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಅಂಶ ಅಧಿಕವಾಗಿದೆ. ನೀರು ಗಡಸಾಗಿಯೂ ಇರುತ್ತದೆ. ನಲ್ಲಿಯ ನೀರಿನಲ್ಲಿ ಕ್ರಿಮಿನಾಶಕ್ಕಾಗಿ ಬೆರೆಸಿದ ಕ್ಲೋರೀನ್ ಇರುತ್ತದೆ. ಆದ್ದರಿಂದ ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ಶೋಧಿಸಿದ ನೀರನ್ನೇ ಬಳಸಬೇಕು. ಊರೂರುಗಳಲ್ಲಿ ಕುಡಿಯುವ ನೀರಿಗಾಗಿ ಸ್ಥಾಪಿಸಿರುವ ಶುದ್ಧೀಕರಣ ಘಟಕಗಳು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ನೀರು ಸಿದ್ಧವಾದೊಡನೆ ಮೀನನ್ನು ಬಿಡಬಹುದೆ? ಹಾಗೆ ಬಿಟ್ಟರೆ ಮೀನು ಕೆಲವೇ ದಿನಗಳಲ್ಲಿ ಸಾಯುವ ಸಂಭವವುಂಟು. ಮೀನಿನ ದೇಹದಿಂದ ಅಮೋನಿಯಾ ಎಂಬ ವಿಷಪದಾರ್ಥ ಹೊರಬೀಳುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಇದೇ ಉಂಟಾಗುತ್ತದೆ. ಅಪಾರವಾದ ಕಡಲಿನಲ್ಲಿ ಇದು ಲೆಕ್ಕಕ್ಕಿಲ್ಲ. ಗಾಜಿನ ತೊಟ್ಟಿಯಲ್ಲಿ ಪ್ರಾಣಾಪಾಯಕರ. ಇಲ್ಲಿ ನಮ್ಮ ನೆರವಿಗೆ ಬರುವವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯಾವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತದೆ. ನೈಟ್ರೈಟ್ ಕೂಡ ಅಪಾಯಕಾರಿಯೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟ್ ಅಷ್ಟು ಕೆಡುಕಿನದಲ್ಲ. ಆಗಾಗ ಸ್ವಲ್ಪ ನೀರನ್ನು ಬದಲಾಯಿಸಿ ಅದನ್ನು ಹೊರಹಾಕಬಹುದು. ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಜೋಳದ ಪೈರಿಗೆ ಆಹಾರವಾಗುವಾಗಲೂ ಮಣ್ಣಿನೊಳಗೆ ನಡೆಯುವುದು ಇದೇ ಕ್ರಿಯೆ. ಈ ಬ್ಯಾಕ್ಟೀರಿಯಗಳು ಕಲ್ಲು, ಮರಳು, ಶೋಧಕಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಯ ಮುಂದೆ ತಾಳ್ಮೆಯಿಂದ ಕಾಯುವವನೇ ಮುಂದೆ ಒಳ್ಳೆಯ ಮೀನುಸಾಕಣೆಗಾರನಾಗುತ್ತಾನೆ.

ತೊಟ್ಟಿಯಲ್ಲಿಡುವ ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಂದಕ್ಕಾಗಿ ಹವಳವನ್ನು ತರುವಂತಿಲ್ಲ. ನಮ್ಮ ದೇಶದಲ್ಲಿ ದಿಬ್ಬಗಳನ್ನು ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕಿತ್ತು ತರುವುದಾಗಲಿ, ಮಾರುವುದಾಗಲಿ ಅಪರಾಧ. ಅದಕ್ಕೆ ಬದಲಾಗಿ ರಂಧ್ರಗಳುಳ್ಳ ಕೃತಕ ಕಲ್ಲುಗಳನ್ನು ಜೋಡಿಸಿದರೆ ಬ್ಯಾಕ್ಟೀರಿಯಗಳಿಗೂ ಮೀನುಗಳಿಗೂ ಸಾಕಷ್ಟು ಆಸರೆ ದೊರೆಯುತ್ತದೆ.

ಈ ಸೀಮೆಯಲ್ಲಿ ಎದುರಾಗುವ ದೊಡ್ಡ ಸಮಸ್ಯೆ ಬೇಸಿಗೆ. ಹವಳದ ಕಡಲಿನ ಮೀನುಗಳಿಗೆ ತೊಟ್ಟಿಯಲ್ಲಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತವಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ನೀರು ಬಿಸಿಯಾದಂತೆಲ್ಲ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ; ಅದೇ ಸಮಯಕ್ಕೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಕೆರೆಗಳು ಬತ್ತುವ ಕಾಲದಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವುದು ಹೆಚ್ಚಾಗಿ ಇದೇ ಕಾರಣದಿಂದ. ಆದುದರಿಂದ ತೊಟ್ಟಿಯನ್ನು ಬಿಸಿಲು ಬೀಳದ ತಂಪಾದ ಕೋಣೆಯಲ್ಲಿಡಬೇಕು. ನೀರಿನ ಮೇಲೆ ಗಾಳಿ ಬೀಸುವಂತೆ ಪಂಕವನ್ನು ಹಚ್ಚಬೇಕು. ಸಾಧ್ಯವಾದರೆ ತಂಪುಗೊಳಿಸುವ ಯಂತ್ರವನ್ನು ಜೋಡಿಸಬೇಕು.

ಗಾಳಿ ಬೀಸಿದಂತೆಲ್ಲ ನೀರು ಆವಿಯಾಗುತ್ತದೆ. ಆಗ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 200 ಲೀಟರ್ ನೀರಿನಲ್ಲಿ 7 ಕಿಲೋಗ್ರಾಂ ಉಪ್ಪಿದ್ದರೆ ಲೀಟರಿಗೆ 35 ಗ್ರಾಂ ಆಯಿತು. 20 ಲೀಟರ್ ಆವಿಯಾಗಿ 180 ಲೀಟರ್ ಉಳಿದಾಗ ಲೀಟರಿಗೆ ಸುಮಾರು 39 ಗ್ರಾಂ ಆಗುತ್ತದೆ. ಕೊರತೆಯನ್ನು ಉಪ್ಪುನೀರಿನಿಂದಲೇ ತುಂಬಿದರೆ ಲವಣಾಂಶ ಇಳಿಯುವ ಮಾತೇ ಇಲ್ಲ. ದಿನದಿನಕ್ಕೂ ಏರುತ್ತಲೇ ಹೋಗುತ್ತದೆ. ಆದ್ದರಿಂದ ತೊಟ್ಟಿಯ ಮೇಲೆ ನೀರಿನ ಮಟ್ಟಕ್ಕೆ ಗೆರೆಯೊಂದನ್ನೆಳೆದು, ಪ್ರತಿದಿನ ಆ ಗೆರೆಯವರೆಗೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ವಿದ್ಯುತ್ತು ನಿಂತರೆ ನೀರನ್ನು ತಿರುಗಿಸುವ ಯಂತ್ರವೂ ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ಮೀನುಗಳೂ ಬ್ಯಾಕ್ಟೀರಿಯಗಳೂ ಬಳಲುತ್ತವೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಯಂತ್ರವೊಂದು ಸದಾ ಸಿದ್ಧವಾಗಿರತಕ್ಕದ್ದು.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ರಾಸ್ ಮೀನಿನ ವಿಶೇಷ ಅಗತ್ಯಗಳನ್ನು ಗಮನಿಸಬೇಕು. ಮರಳಿನಲ್ಲಿ ಮಲಗುವ ಜಾತಿಗಾದರೆ ತೊಟ್ಟಿಯ ತಳದಲ್ಲಿ ನಯವಾದ ಮರಳು ಕನಿಷ್ಠ ಐದಾರು ಸೆಂಟಿಮೀಟರ್ ದಪ್ಪವಾಗಿರಬೇಕು. ಹರಳುಗಲ್ಲು ಹಾಕಿದರೆ ಅದರ ಮೈ ತರಚುತ್ತದೆ. ಬೆದರಿದ ರಾಸ್ ನೀರಿನಿಂದ ಮೇಲಕ್ಕೆ ಹಾರುವ ಸ್ವಭಾವದ್ದು. ಎಷ್ಟೋ ಮೀನುಗಳು ರಾತ್ರಿ ಹಾರಿ ಬಿದ್ದು ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಒಣಗಿ ಸತ್ತಿರುತ್ತವೆ. ಆದುದರಿಂದ ತೊಟ್ಟಿಗೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಹಾಕುವುದು ಕಡ್ಡಾಯ. ದಿನವಿಡೀ ಓಡಾಡುವ ಈ ಮೀನಿಗೆ ಒಂದೇ ಸಲ ಹೆಚ್ಚು ಆಹಾರ ಹಾಕುವುದಕ್ಕಿಂತ ಎರಡು ಮೂರು ಸಲ ಸ್ವಲ್ಪಸ್ವಲ್ಪವಾಗಿ ಸೀಗಡಿಯ ಚೂರು ಮುಂತಾದುವನ್ನು ಕೊಡುವುದು ಲೇಸು. ಹೊಸ ಮೀನನ್ನು ಕೆಲವು ವಾರಗಳ ಕಾಲ ಬೇರೊಂದು ತೊಟ್ಟಿಯಲ್ಲಿರಿಸಿ, ರೋಗವಿಲ್ಲವೆಂದು ಖಚಿತವಾದ ಬಳಿಕವೇ ಉಳಿದವುಗಳ ಜೊತೆಗೆ ಸೇರಿಸಬೇಕು. ಮೈಮೇಲೆ ಆರು ಗೆರೆಗಳುಳ್ಳ ‘ಆರು ಗೆರೆಯ ರಾಸ್’ ಚಿಕ್ಕದಾದ ಗಟ್ಟಿಮುಟ್ಟಾದ ಮೀನು; ಮನೆಯ ತೊಟ್ಟಿಗೆ ಹೊಂದುತ್ತದೆ. ಆದರೆ ತನ್ನ ನಂತರ ಬಂದವರ ಮೇಲೆ ಅದು ಜಗಳಕ್ಕೆ ಬೀಳುವುದರಿಂದ ಅದನ್ನು ಕೊನೆಯಲ್ಲಿ ಬಿಡುವುದು ಜಾಣತನ.

ಹಾಗಾದರೆ ಎಲ್ಲರ ಮನಸ್ಸನ್ನೂ ಸೆಳೆಯುವ ಶುಚಿಗಾರ ರಾಸ್ ಅನ್ನು ಸಾಕಬಹುದೇ? ಇಲ್ಲಿ ನಮ್ಮ ಮೂರನೆಯ ಪ್ರಶ್ನೆ ಎದುರಾಗುತ್ತದೆ. ಈ ಮೀನಿನ ಆಹಾರ ಇತರ ಮೀನುಗಳ ಮೈಮೇಲಿನ ಹುಳುಗಳು. ಮನೆಯ ತೊಟ್ಟಿಯಲ್ಲಿರುವ ಮೂರು ನಾಲ್ಕು ಮೀನುಗಳ ಹುಳುಗಳು ಬೇಗನೆ ಮುಗಿದುಹೋಗುತ್ತವೆ. ಬೇರೆ ಆಹಾರಕ್ಕೆ ಒಗ್ಗದಿದ್ದರೆ ಅದು ದಿನೇ ದಿನೇ ಸೊರಗಿ ಹಸಿವಿನಿಂದ ಸಾಯುತ್ತದೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಆಸ್ಟ್ರೇಲಿಯದ ಲಿಜರ್ಡ್ ದ್ವೀಪದ ಬಳಿ ವಿಜ್ಞಾನಿಗಳು ಕೆಲವು ಹವಳದಿಬ್ಬಗಳಿಂದ ಶುಚಿಗಾರ ಮೀನುಗಳನ್ನು ತೆಗೆದು, ಎಂಟೂವರೆ ವರ್ಷಗಳ ಕಾಲ ಅವು ಅಲ್ಲಿ ನೆಲೆಸದಂತೆ ನೋಡಿಕೊಂಡರು. ಅಂತಹ ದಿಬ್ಬಗಳಲ್ಲಿ ಇತರ ಮೀನುಗಳ ಸಂಖ್ಯೆಯೂ ಬಗೆಗಳೂ ಕಡಿಮೆಯಾದವೆಂದು 2011ರಲ್ಲಿ ಪ್ರಕಟವಾದ ಅವರ ವರದಿ ತಿಳಿಸುತ್ತದೆ. ಬೆರಳುದ್ದದ ಮೀನೊಂದು ಇಡೀ ನೆರೆಹೊರೆಯ ಆರೋಗ್ಯವನ್ನು ಕಾಯುತ್ತದೆ ಎಂಬುದು ಇದರಿಂದ ಸ್ಪಷ್ಟ.

ಮಾರುಕಟ್ಟೆಗೆ ಬರುವ ರಾಸ್‌ಗಳಲ್ಲಿ ಬಹುಪಾಲು ಸಾಕಣೆಯಲ್ಲಿ ಹುಟ್ಟಿದವಲ್ಲ, ಕಡಲಿನಿಂದ ಹಿಡಿದವು. ಫಿಲಿಪ್ಪೀನ್ಸ್ ಮುಂತಾದೆಡೆ ಸಯನೈಡ್ ವಿಷವನ್ನು ನೀರಿಗೆ ಚಿಮುಕಿಸಿ, ಮೀನುಗಳ ಮತಿಗೆಡಿಸಿ ಹಿಡಿಯುವ ಕ್ರೂರ ಪದ್ಧತಿಯೂ ನಡೆದುಬಂದಿದೆ. ಅದರಿಂದ ಹವಳಗಳೇ ಸಾಯುತ್ತವೆ. ಆಹಾರಕ್ಕಾಗಿ ಮಿತಿಮೀರಿ ಹಿಡಿದುದರ ಫಲವಾಗಿ ನೆಪೋಲಿಯನ್ ರಾಸ್ ಅಳಿವಿನ ಅಂಚಿಗೆ ಬಂದಿತು. 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಅದರ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಆದ್ದರಿಂದ ಮೀನನ್ನು ಕೊಳ್ಳುವ ಮುನ್ನ ಅದು ಎಲ್ಲಿಂದ ಬಂತು, ಹೇಗೆ ಬಂತು, ನಮ್ಮಲ್ಲಿ ಅದು ಬದುಕೀತೆ ಎಂದು ಕೇಳುವುದು ಸಾಕುವವನ ಮೊದಲ ಕರ್ತವ್ಯ. ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆಯದಿದ್ದರೆ ಕೊಳ್ಳದೆ ಹಿಂತಿರುಗುವುದೇ ಮೇಲು.

ಕಡಲಿನ ತೊಟ್ಟಿಗೆ ಹಣ ಬಹಳ ಬೇಕು. ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದರೆ ಅದು ಕಲಿಸುವ ಪಾಠವನ್ನು ಎಲ್ಲರೂ ಕಲಿಯಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನೋಡಿರಿ. ಅದರ ನೀರಿನಲ್ಲಿ ನಿಂತ ಜಾಲಿಯ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆನಿಸಿತು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿಯೂ ಮೀನಿನ ಮಲವನ್ನು ಬ್ಯಾಕ್ಟೀರಿಯಗಳು ಶುದ್ಧಗೊಳಿಸುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಲವಣ ಉಳಿಯುತ್ತದೆ. ಆಮ್ಲಜನಕ ಇಳಿದರೆ ಮೀನು ಬಳಲುತ್ತದೆ. ಮೀನಿಲ್ಲದಿದ್ದರೆ ಮೀನನ್ನು ನಂಬಿದ ಹಕ್ಕಿ ಬರುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಮನುಷ್ಯನು ಹಗಲಿರುಳು ಶ್ರಮಿಸಿ ನಡೆಸುವ ಕಾರ್ಯವನ್ನು ಕೆರೆಯು ತಾನಾಗಿಯೇ ನಡೆಸುತ್ತದೆ. ನಾವು ಕಸವನ್ನೂ ಕೊಳಚೆಯನ್ನೂ ಅದಕ್ಕೆ ಸೇರಿಸದಿದ್ದರೆ ಸಾಕು.

ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜಿನಲ್ಲಿ ಈ ವಿಷಯಗಳನ್ನು ಶಾಸ್ತ್ರೀಯವಾಗಿ ಕಲಿಯಲು ಅವಕಾಶವಿದೆ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತಮ್ಮೂರ ಕೆರೆಯ ದಂಡೆಯಲ್ಲಿ ಕುಳಿತು ನೀರನ್ನೂ ಮೀನನ್ನೂ ಗಮನಿಸುವುದರಿಂದಲೇ ಈ ಅಧ್ಯಯನವನ್ನು ಇಂದೇ ಆರಂಭಿಸಬಹುದು.

ಅಭ್ಯಾಸ

1. ರಾಸ್ ಮೀನುಗಳು ನಿದ್ರಿಸುವ ಎರಡು ವಿಧಾನಗಳಾವುವು?
2. ಕಡಲಿನ ಮೀನು ನೀರನ್ನು ಕುಡಿಯುವುದೇಕೆ? ಅಭಿಸರಣೆಯ ತತ್ತ್ವದಿಂದ ವಿವರಿಸಿರಿ.
3. ಆವಿಯಾದ ನೀರಿನ ಸ್ಥಳವನ್ನು ಸಿಹಿನೀರಿನಿಂದಲೇ ತುಂಬಬೇಕು. ಏಕೆ?
4. ಹೊಲದ ಮಣ್ಣಿಗೂ ಮೀನಿನ ತೊಟ್ಟಿಗೂ ಇರುವ ಸಾಮ್ಯವೇನು?
5. ಶುಚಿಗಾರ ರಾಸ್ ಅನ್ನು ಮನೆಯಲ್ಲಿ ಸಾಕುವುದು ಉಚಿತವಲ್ಲ ಎಂಬುದಕ್ಕೆ ಕಾರಣಗಳನ್ನು ಕೊಡಿರಿ.
6. ನಿಮ್ಮ ಊರಿನ ಕೆರೆಯನ್ನು ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಗಮನಿಸಿ, ಕಂಡ ವ್ಯತ್ಯಾಸಗಳನ್ನು ಒಂದು ಪುಟದಲ್ಲಿ ಬರೆಯಿರಿ.